ಹಲಗಲಿಯ ಬಂದೂಕು, ಕೊಡಗಿನ ಕೋವಿ

1857ರ ನವೆಂಬರ್ ಕೊನೆಯಲ್ಲಿ ಮುಧೋಳ ಸಂಸ್ಥಾನದ ಹಲಗಲಿ ಎಂಬ ಹಳ್ಳಿಗೆ ಬ್ರಿಟಿಷರ ದಂಡು ನುಗ್ಗಿ ಊರಿಗೆ ಬೆಂಕಿ ಇಟ್ಟಿತು. ಅಲ್ಲಿನ ಬೇಡರು ಮಾಡಿದ್ದ ತಪ್ಪು ಒಂದೇ. ಮನೆಯಲ್ಲಿರುವ ಹತಾರಗಳನ್ನೆಲ್ಲ ತಂದೊಪ್ಪಿಸಿ ಎಂಬ ಸರ್ಕಾರದ ಹುಕುಮಿಗೆ ಅವರು ಇಲ್ಲ ಅಂದಿದ್ದರು. ಬೇಟೆಯನ್ನೇ ನಂಬಿ ಬದುಕುವವರು, ಸೈನ್ಯದಲ್ಲಿ ದುಡಿದವರು, ಬಂದೂಕು ಬಿಟ್ಟುಕೊಟ್ಟು ಮನೆಗೆ ಬರಿಗೈಯಲ್ಲಿ ಬರುವುದು ಅವರಿಗೆ ಸಾಧ್ಯವಿರಲಿಲ್ಲ. ಸೆರೆಸಿಕ್ಕವರಲ್ಲಿ 19 ಮಂದಿಯನ್ನು ಮುಧೋಳದಲ್ಲೂ ಹಲಗಲಿಯಲ್ಲೂ ಗಲ್ಲಿಗೇರಿಸಿದರು. ಮುಂದೆ ಜೆ.ಎಫ್. ಫ್ಲೀಟ್ ಎಂಬ ಇಂಗ್ಲಿಷ್ ಅಧಿಕಾರಿಯೇ ಈ ದಂಗೆಯ ಲಾವಣಿಯನ್ನು ಸಂಗ್ರಹಿಸಿ ಅಚ್ಚು ಹಾಕಿಸಿದ್ದರಿಂದ ಹಲಗಲಿಯ ಹೆಸರು ಇವತ್ತಿಗೂ ಕನ್ನಡದ ಬಾಯಲ್ಲಿ ಉಳಿದಿದೆ.

ಇದಾಗಿ ನಾಲ್ಕು ವರ್ಷವೂ ತುಂಬಿರಲಿಲ್ಲ. 1861ರ ಫೆಬ್ರವರಿಯಲ್ಲಿ ಮೈಸೂರು ಮತ್ತು ಕೊಡಗಿನ ಕಮಿಷನರ್ ಮಾರ್ಕ್ ಕಬ್ಬನ್, ಬೆಂಗಳೂರಿನ ಪಾರ್ಕಿಗೆ ಹೆಸರು ಕೊಟ್ಟ ಅದೇ ಕಬ್ಬನ್, ಒಂದು ಆಜ್ಞೆ ಹೊರಡಿಸಿದರು. ಜನರಿಂದ ಆಯುಧ ಕಸಿಯುವ ಕಾಯ್ದೆ ಕೊಡವರಿಗೆ ಲಾಗೂ ಆಗುವುದಿಲ್ಲ ಎಂಬುದು ಅದರ ಸಾರ. ಅವರ ನಿಷ್ಠೆ, ಮರ್ಯಾದೆ, ಧೈರ್ಯವನ್ನು ಮನಸಾರೆ ಹೊಗಳಿ ಬರೆದ ಆಜ್ಞೆ ಅದು. ಕಬ್ಬನ್ ಅದೇ ವರ್ಷ ಊರಿಗೆ ಹಿಂದಿರುಗುವ ದಾರಿಯಲ್ಲಿ ಸೂಯೆಜ್‌ನಲ್ಲಿ ತೀರಿಕೊಂಡರು. ಆಜ್ಞೆ ಮಾತ್ರ ರೂಪ ಬದಲಿಸಿಕೊಳ್ಳುತ್ತ, ದೊರೆಗಳು ಬದಲಾದರೂ ಉಳಿದುಕೊಂಡು ಬಂದಿದೆ.

ಈ ಎರಡು ಸಂಗತಿಗಳನ್ನು ನಾವು ಒಂದೇ ಉಸಿರಿನಲ್ಲಿ ಹೇಳುವುದಿಲ್ಲ. ಹಲಗಲಿ ಸ್ವಾತಂತ್ರ್ಯ ಹೋರಾಟದ ಪಾಠದಲ್ಲಿ ಬರುತ್ತದೆ, ಕೊಡಗಿನ ಕೋವಿ ಪ್ರವಾಸದ ಪುಟಗಳಲ್ಲಿ ಬರುತ್ತದೆ. ಅಕ್ಕಪಕ್ಕ ಇಟ್ಟು ನೋಡಿದರೆ ಒಂದು ವಿಷಯ ಕಣ್ಣಿಗೆ ಹೊಡೆಯುತ್ತದೆ. ಬಂದೂಕು ಒಳ್ಳೆಯದೋ ಕೆಟ್ಟದ್ದೋ ಎಂದು ನಮ್ಮ ಕಾನೂನು ಯಾವತ್ತೂ ತಲೆ ಕೆಡಿಸಿಕೊಂಡಿಲ್ಲ. ಅದು ಯಾರ ಕೈಯಲ್ಲಿದೆ, ಆ ಕೈಯನ್ನು ಸರ್ಕಾರ ನಂಬಬಹುದೋ ಇಲ್ಲವೋ ಎಂಬುದಷ್ಟೇ ಅದರ ಲೆಕ್ಕ.

ಕೊಡಗಿನವರನ್ನು ಬ್ರಿಟಿಷರು ನಂಬಿದ್ದು ಏಕೆ ಎಂಬುದಕ್ಕೆ ಇನ್ನೂ ಹಿಂದಕ್ಕೆ ಹೋಗಬೇಕು. 1834ರಲ್ಲಿ ಚಿಕ್ಕವೀರ ರಾಜೇಂದ್ರನನ್ನು ಇಳಿಸಿ ಕಂಪನಿ ಕೊಡಗನ್ನು ವಶಪಡಿಸಿಕೊಂಡಿತು. ಅದರ ಬೆನ್ನಲ್ಲೇ, ಅಲ್ಲಿಯವರೆಗೆ ಕೊಡಗಿನ ಅರಸರಿಗೆ ಸೇರಿದ್ದ ಘಟ್ಟದ ಕೆಳಗಿನ ಅಮರಸುಳ್ಯ, ಪುತ್ತೂರಿನ ಸೀಮೆಯನ್ನು ಬಿಡಿಸಿ ಕೆನರಾ ಜಿಲ್ಲೆಗೆ ಸೇರಿಸಿತು. ರಾಜರ ಕಾಲದಲ್ಲಿ ಕಂದಾಯವನ್ನು ಬೆಳೆಯ ರೂಪದಲ್ಲೇ ಕೊಡುತ್ತಿದ್ದ ರೈತ ಈಗ ರೊಕ್ಕ ಎಣಿಸಬೇಕಾಯಿತು. ರೊಕ್ಕ ಹುಟ್ಟುತ್ತಿದ್ದದ್ದು ಸಾಹುಕಾರನ ಹತ್ತಿರ. 1837ರಲ್ಲಿ ಸುಳ್ಯದ ಕಡೆಯಿಂದ ಎದ್ದ ದಂಗೆ ಮಂಗಳೂರಿನವರೆಗೂ ಹೋಗಿ ಬಾವುಟಗುಡ್ಡದ ಮೇಲೆ ಬಾವುಟ ಹಾರಿಸಿತು. ಕೆದಂಬಾಡಿ ರಾಮಯ್ಯ ಗೌಡರು ಅದರ ಮುಂದಾಳುಗಳಲ್ಲಿ ಒಬ್ಬರು. ಗುಡ್ಡೆಮನೆ ಅಪ್ಪಯ್ಯ ಗೌಡರನ್ನು ಅದೇ ವರ್ಷದ ಅಕ್ಟೋಬರ್‌ನಲ್ಲಿ ಮಡಿಕೇರಿಯಲ್ಲಿ ಗಲ್ಲಿಗೇರಿಸಿದರು.

ಆ ದಂಗೆಯನ್ನು ಹತ್ತಿಕ್ಕಲು ಕಂಪನಿಯ ಪಕ್ಷ ಹಿಡಿದು ನಿಂತವರಲ್ಲಿ ಕೊಡವ ದಿವಾನರೂ ಮುಖಂಡರೂ ಇದ್ದರು. ಅವರಿಗಾಗಿ ಚಿನ್ನದಲ್ಲೂ ಬೆಳ್ಳಿಯಲ್ಲೂ ಪದಕಗಳನ್ನು ಟಂಕಿಸಲಾಯಿತು. ಇಂದು ನಾಣ್ಯ, ಪದಕ ಸಂಗ್ರಹಿಸುವವರ ನಡುವೆ ಅದಕ್ಕೆ ಭಾರೀ ಬೆಲೆ. ಹಾಗಾಗಿ 1861ರ ವಿನಾಯಿತಿ ಶೌರ್ಯಕ್ಕೆ ಸಿಕ್ಕ ಬಿರುದು ಮಾತ್ರ ಅಲ್ಲ, ಸಲ್ಲಿಸಿದ ಸೇವೆಗೆ ಸಿಕ್ಕ ಇನಾಮೂ ಹೌದು. ಇದನ್ನು ಹೇಳಿದರೆ ಬೇಸರ ಪಡುವ ಕೊಡವ ಗೆಳೆಯರು ನನಗಿದ್ದಾರೆ. ಆದರೆ ಅದೇ ನೆಲ ಮುಂದೆ ಫೀಲ್ಡ್ ಮಾರ್ಷಲ್ ಕಾರ್ಯಪ್ಪ, ಜನರಲ್ ತಿಮ್ಮಯ್ಯ ಅಂಥವರನ್ನು ಕೊಟ್ಟಿತು. ಅದೂ ಸತ್ಯ, ಇದೂ ಸತ್ಯ. ಒಂದನ್ನು ಹೇಳಲು ಇನ್ನೊಂದನ್ನು ಮುಚ್ಚಿಡಬೇಕಾಗಿಲ್ಲ.

ವಿನಾಯಿತಿ ಇಬ್ಬರಿಗೆ. ಒಂದು, ಕೊಡವ ಜನಾಂಗದವರೆಲ್ಲರಿಗೆ. ಇಲ್ಲಿ ಹೆಣ್ಣು ಗಂಡು ಎಂಬ ಭೇದವಿಲ್ಲ. ಎರಡು, ಕೊಡಗಿನಲ್ಲಿ ಜಮ್ಮಾ ಜಮೀನು ಹೊಂದಿರುವವರಿಗೆ, ಅವರು ಯಾವ ಜಾತಿಯವರೇ ಆಗಿರಲಿ. ಕರೆ ಬಂದಾಗ ಅರಸನ ದಂಡಿಗೆ ಆಳಾಗಿ ಹೋಗಬೇಕೆಂಬ ಕರಾರಿನ ಮೇಲೆ ಕಡಿಮೆ ಕಂದಾಯಕ್ಕೆ, ವಂಶಪಾರಂಪರ್ಯವಾಗಿ ಕೊಟ್ಟ ಭೂಮಿ ಜಮ್ಮಾ. ಯುದ್ಧಕ್ಕೆ ಬರಬೇಕಾದವನ ಮನೆಯಲ್ಲಿ ಆಯುಧ ಇರಲೇಬೇಕಲ್ಲ. ಅರೆಭಾಷೆ ಗೌಡರ ಎಷ್ಟೋ ಕುಟುಂಬಗಳು ಈ ಎರಡನೆಯ ಬಾಗಿಲಿನಿಂದ ಒಳಬಂದಿವೆ. ಇಂಥವರು ಆಯುಧ ಕಾಯ್ದೆಯ ಮೂರು ಮತ್ತು ನಾಲ್ಕನೆಯ ಕಲಮಿನ ಲೈಸೆನ್ಸ್ ಕಟ್ಟಳೆಯಿಂದ ಹೊರಗೆ. ಹಾಗಂತ ಯಾವ ಕಾಗದವೂ ಬೇಡ ಎಂದಲ್ಲ. ತಾನು ಆ ಪಟ್ಟಿಗೆ ಸೇರಿದವನು ಎಂಬುದಕ್ಕೆ ಜಿಲ್ಲಾಧಿಕಾರಿ ಕಚೇರಿಯ ವಿನಾಯಿತಿ ಪತ್ರ ಬೇಕು. ಕೋವಿ ಹಿಡಿದು ಜಿಲ್ಲೆಯ ಗಡಿ ದಾಟಿದರೆ ಮಿತಿಯೂ ಬಂತು: ಒಂದು ರೈಫಲ್, ಅದಕ್ಕೆ 100 ಗುಂಡು, ಒಳಗೋಡೆ ನುಣುಪಾಗಿರುವ ನಳಿಗೆಯ ಒಂದು ಕೋವಿ, ಅದಕ್ಕೆ 500 ತೋಟಾ ಅಥವಾ ಅಷ್ಟಕ್ಕೆ ಸರಿದೂಗುವ ಮದ್ದು, ಚರೆ.

ಕಾನೂನಿನ ಮಾತು ಇಷ್ಟು. ಮನೆಯೊಳಗೆ ಕೋವಿ ಬದುಕುವ ರೀತಿಯೇ ಬೇರೆ.

ನಾಟಿ ಕೆಲಸ ಮುಗಿದು ಗದ್ದೆಯ ಕೆಸರು ಕಾಲಿನಿಂದ ಬಿಡುವ ಹೊತ್ತಿಗೆ, ಸೆಪ್ಟೆಂಬರ್ ಆರಂಭದಲ್ಲಿ, ಕೈಲ್‌ಪೊಳ್ದ್ ಹಬ್ಬ ಬರುತ್ತದೆ. ಅಂದು ಕುಟುಂಬದ ಮೂಲಮನೆಯಾದ ಐನ್‌ಮನೆಯ ಕೋವಿ, ಒಡಿಕತ್ತಿ, ಪೀಚೆಕತ್ತಿಗಳನ್ನೆಲ್ಲ ಹೊರಗೆ ತೆಗೆದು, ನಳಿಗೆಯೊಳಗಿನ ಮಸಿ ತೆಗೆದು, ಮರದ ಹಿಡಿಗೆ ಎಣ್ಣೆ ತಿಕ್ಕಿ ಸಾಲಾಗಿ ಇಡುತ್ತಾರೆ. ಮಳೆಗಾಲದ ಬೇಲಿಯಲ್ಲಿ ಕೆಂಪು ಹಳದಿ ನಾಲಗೆ ಚಾಚಿ ಅರಳುವ ತೋಕ್‌ಪೂವನ್ನು ನಳಿಗೆಯ ಬಾಯಿಗೆ ಸಿಕ್ಕಿಸುತ್ತಾರೆ. ದೀಪ, ಗಂಧ ಆದಮೇಲೆ ಮನೆಯ ಹಿರಿಯರು ಕೋವಿಯನ್ನು ಕಿರಿಯರ ಕೈಗೆ ಕೊಡುತ್ತಾರೆ. ಕೊಡುವಾಗ ಬುದ್ಧಿಮಾತೂ ಉಂಟು: ನೀನಾಗಿ ಯಾರನ್ನೂ ಕೆಣಕಬೇಡ, ಕೆಣಕಿದವರಿಗೆ ಬೆನ್ನು ತೋರಿಸಬೇಡ ಎಂಬ ಅರ್ಥದ್ದು. ಆಮೇಲೆ ಕಡಂಬುಟ್ಟು, ಪಂದಿಕರಿ. ಮಧ್ಯಾಹ್ನ ಊರ ಬಯಲಾದ ಮಂದ್‌ನಲ್ಲಿ ಎತ್ತರದ ಮರದ ತುದಿಗೆ ತೆಂಗಿನಕಾಯಿ ಕಟ್ಟಿ ಹೊಡೆಯುವ ಪಂದ್ಯ. ಸೀರೆಯನ್ನು ಹಿಂದಕ್ಕೆ ನೆರಿಗೆ ಕಟ್ಟಿ ಉಟ್ಟ ಅಜ್ಜಿಯೊಬ್ಬರು ಮೊದಲ ಈಡಿಗೇ ಕಾಯಿ ಒಡೆದು, ಸುತ್ತ ನಿಂತ ಹುಡುಗರ ಮುಖ ನೋಡಿ ನಗುವುದು ಅಲ್ಲಿ ದೊಡ್ಡ ಸುದ್ದಿಯೇನಲ್ಲ.

ಗಂಡು ಮಗು ಹುಟ್ಟಿದರೆ ಆಕಾಶಕ್ಕೆ ಒಂದು ಈಡು. ಹರಳು ಗಿಡದ ಕಡ್ಡಿಯಿಂದ ಮಾಡಿದ ಪುಟ್ಟ ಬಿಲ್ಲನ್ನು ಕೂಸಿನ ಕೈಗೆ ತಾಗಿಸುತ್ತಾರೆ. ಸಾವಾದರೆ ಎರಡು ಈಡು. ಫೋನ್ ಇಲ್ಲದ ಕಾಲದಲ್ಲಿ ಬೆಟ್ಟದ ಆಚೆ ಮಗ್ಗುಲಿನವರು ಶಬ್ದ ಎಣಿಸಿಯೇ ಏನಾಯಿತೆಂದು ತಿಳಿದು ಹೊರಡುತ್ತಿದ್ದರು. ಸುಗ್ಗಿಯ ಹಬ್ಬವಾದ ಪುತ್ತರಿಯ ರಾತ್ರಿ ಮೊದಲ ಕದಿರು ಕೊಯ್ಯುವ ಗಳಿಗೆಗೂ ಒಂದು ಈಡು. ಹುಲಿ ಹೊಡೆದವನನ್ನು ಸತ್ತ ಹುಲಿಯ ಪಕ್ಕ ಮದುಮಗನ ಹಾಗೆ ಕೂರಿಸಿ ಮಾಡುತ್ತಿದ್ದ ನರಿಮಂಗಲ ಎಂಬ ಆಚರಣೆ ಒಂದು ಕಾಲಕ್ಕಿತ್ತು. 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಅದಕ್ಕೆ ಜಾಗವೇ ಇಲ್ಲ.

ನಗರದ ಓದುಗರಿಗೆ ಇದೆಲ್ಲ ಬೇರೆ ಲೋಕದ ಮಾತು. ನಮ್ಮಲ್ಲಿ ಬಹುಪಾಲು ಮಂದಿ ಹತ್ತಿರದಿಂದ ನೋಡಿದ ಏಕೈಕ ಬಂದೂಕು ಬ್ಯಾಂಕಿನ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂತ ಕಾವಲುಗಾರರ ಜೋಡಿ ನಳಿಗೆಯದು. ಅದು ಯಾವತ್ತಾದರೂ ಸಿಡಿದೀತೆಂದು ಯಾರೂ ನಂಬಿದಂತಿಲ್ಲ. ಸ್ವತಃ ಕಾವಲುಗಾರರೂ.

ಮಡಿಕೇರಿಯಿಂದ ಘಟ್ಟ ಇಳಿದರೆ ಸಂಪಾಜೆ ಸಿಗುತ್ತದೆ. ಊರಿನ ಹೆಸರು ಒಂದೇ, ಜಿಲ್ಲೆ ಎರಡು. ಪಯಸ್ವಿನಿಯ ಈ ಕಡೆ ಕೊಡಗು ಸಂಪಾಜೆ, ಆ ಕಡೆ ದಕ್ಷಿಣ ಕನ್ನಡದ ಸಂಪಾಜೆ. ಎರಡೂ ಕಡೆ ಅದೇ ಅಡಿಕೆ, ಅದೇ ರಬ್ಬರ್, ಅದೇ ಅರೆಭಾಷೆ, ಅವರವರೇ ನೆಂಟರು. ರಾತ್ರಿ ಹೊಳೆ ದಾಟಿ ಬಂದು ಗೆಡ್ಡೆ ಅಗೆಯುವ ಕಾಡುಹಂದಿಗೆ ಜಿಲ್ಲೆಯ ಹಂಗಿಲ್ಲ. ಆದರೆ ಈಚೆ ದಡದ ಜಮ್ಮಾ ಹಿಡುವಳಿದಾರನಿಗೆ ಕೋವಿಗೆ ಲೈಸೆನ್ಸ್ ಬೇಡ, ಆಚೆ ದಡದ ಅವನ ಭಾವನಿಗೆ ಬೇಕೇ ಬೇಕು. ಸುಳ್ಯದ ಕಡೆಯ ಹಿರಿಯ ಕೃಷಿಕರೊಬ್ಬರು ಇದನ್ನು ನನಗೆ ಒಂದೇ ಸಾಲಿನಲ್ಲಿ ಹೇಳಿದರು: "ನಮ್ಮ ಹಂದಿಗೆ ಲೈಸೆನ್ಸ್ ಬೇಕು, ಅವರ ಹಂದಿಗೆ ಬೇಡ ಮಾರಾಯ್ರೆ, ಅಷ್ಟೇ ವ್ಯತ್ಯಾಸ." ಅವರು ದೂರುತ್ತಿದ್ದ ಆ ಗಡಿ 1834ರಲ್ಲಿ ಕಂಪನಿ ಹಾಕಿದ ಗೆರೆ. ಅಂದು ಅಮರಸುಳ್ಯ ಕೊಡಗಿನಲ್ಲೇ ಉಳಿದಿದ್ದರೆ ಈ ಮಾತು ಹುಟ್ಟುತ್ತಿತ್ತೋ ಇಲ್ಲವೋ.

ಮಲೆನಾಡು, ಕರಾವಳಿಯ ರೈತನ ಕೈಯಲ್ಲಿರುವುದು ಸಾಮಾನ್ಯವಾಗಿ ಕೇಪಿನ ಕೋವಿ. ಕಾಗದದಲ್ಲಿ ಅದರ ಹೆಸರು ಎಸ್‌ಬಿಎಂಎಲ್, ಅಂದರೆ ಬಾಯಿಯಿಂದ ಮದ್ದು ತುಂಬುವ ಒಂಟಿ ನಳಿಗೆಯದು. ಅದನ್ನು ಒಮ್ಮೆ ಸಿಡಿಸಲು ಬೇಕಾಗುವ ಸಂಭ್ರಮ ನೋಡಬೇಕು. ಕೋವಿಯನ್ನು ನೆಟ್ಟಗೆ ನಿಲ್ಲಿಸಿ ಅಳತೆಯ ಕರಿಮದ್ದನ್ನು ನಳಿಗೆಗೆ ಸುರಿಯಬೇಕು. ಮೇಲೆ ತೆಂಗಿನ ನಾರಿನ ಉಂಡೆ ಇಟ್ಟು ಕಬ್ಬಿಣದ ಸಲಾಕೆಯಿಂದ ಜಡಿಯಬೇಕು. ಜಡಿತ ಸಡಿಲಾದರೆ ಈಡು ಠುಸ್ ಅನ್ನುತ್ತದೆ, ವಿಪರೀತ ಮದ್ದು ಹಾಕಿ ಬಿಗಿದರೆ ಹಳೆಯ ನಳಿಗೆ ಒಡೆದು ಮುಖಕ್ಕೇ ಬಂದೀತು. ಆಮೇಲೆ ಚರೆ, ಅದು ಉರುಳಿ ಬೀಳದಂತೆ ಮತ್ತೆ ನಾರು. ಕೊನೆಗೆ ಕುದುರೆ ಎತ್ತಿ, ಬೆಂಕಿಪೊಟ್ಟಣದ ಕಡ್ಡಿಯ ತಲೆಗಿಂತ ತುಸು ದೊಡ್ಡದಾದ ತಾಮ್ರದ ಕೇಪನ್ನು ಮೊಲೆತೊಟ್ಟಿನಂಥ ತುದಿಗೆ ಸಿಕ್ಕಿಸಬೇಕು. ಜಡಿಮಳೆಯಲ್ಲಿ ಮದ್ದು ತಂಪು ಹಿಡಿದಿದ್ದರೆ ಇಷ್ಟೆಲ್ಲ ಮಾಡಿಯೂ 'ಚಟ್' ಎಂಬ ಸದ್ದಷ್ಟೇ. ಅಷ್ಟರಲ್ಲಿ ಹಂದಿ ಎರಡು ತೋಟ ದಾಟಿರುತ್ತದೆ. ಎರಡನೆಯ ಈಡಿಗೆ ಮತ್ತೆ ಮೊದಲಿನಿಂದ. ದುಷ್ಕೃತ್ಯಕ್ಕೆ ಇದಕ್ಕಿಂತ ಒಗ್ಗದ ಆಯುಧ ಇನ್ನೊಂದಿಲ್ಲ.

1959ರ ಆಯುಧ ಕಾಯ್ದೆ ಬರೆದವರಿಗೆ ಇದು ಗೊತ್ತಿತ್ತು. 1962ರ ಅಕ್ಟೋಬರ್ 1ರಿಂದ ಜಾರಿಯಲ್ಲಿರುವ ಈ ಕಾಯ್ದೆಯ 13ನೆಯ ಕಲಮು ಬಂದೂಕುಗಳಲ್ಲಿ ಭೇದ ಮಾಡುತ್ತದೆ. ಪ್ರಾಮಾಣಿಕವಾಗಿ ಬೆಳೆ ರಕ್ಷಣೆಗೆಂದು ಮದ್ದು ತುಂಬುವ ಕೋವಿ ಕೇಳಿದವನಿಗೆ, ಬೇರೆ ಅಡ್ಡಿ ಇಲ್ಲದಿದ್ದರೆ, ಅಧಿಕಾರಿ ಲೈಸೆನ್ಸ್ ಕೊಡತಕ್ಕದ್ದು ಎಂಬ ಧಾಟಿ ಅಲ್ಲಿದೆ. ಕೇಪಿನ ಕೋವಿ ಸಾಲದು ಎಂದು ಮನವರಿಕೆಯಾದರೆ ತೋಟಾ ಕೋವಿಗೂ ಕೊಡಬಹುದು. ರಿವಾಲ್ವರ್, ಪಿಸ್ತೂಲು ಕೇಳುವವನು ಮಾತ್ರ ತನಗೆ ಅದು ಬೇಕಾಗಿರುವುದಕ್ಕೆ ಗಟ್ಟಿ ಕಾರಣ ತೋರಿಸಬೇಕು.

ಕಲಮು ಹೇಳುವುದು ಒಂದು, ಕಚೇರಿಯಲ್ಲಿ ನಡೆಯುವುದು ಇನ್ನೊಂದು. ಅರ್ಜಿ ಹೋಗುವುದು ಜಿಲ್ಲಾಧಿಕಾರಿಗೆ, ಬೆಂಗಳೂರು ಮಂಗಳೂರಿನಂಥ ಕಡೆ ಪೊಲೀಸ್ ಕಮಿಷನರ್‌ಗೆ. ಅಲ್ಲಿಂದ ಠಾಣೆಯ ವರದಿ. 2016ರ ನಿಯಮಗಳು ಬಂದ ಮೇಲೆ ಬಂದೂಕು ಬಳಸುವ ತರಬೇತಿಯ ಪ್ರಮಾಣಪತ್ರ, ಮನೆಯಲ್ಲಿ ಬೀಗ ಹಾಕಿ ಇಡುವ ಭರವಸೆ, ರಾಷ್ಟ್ರಮಟ್ಟದ ಕಂಪ್ಯೂಟರ್ ದಾಖಲೆಯಲ್ಲಿ ಒಂದು ಗುರುತಿನ ಸಂಖ್ಯೆ. ಅಭಯಾರಣ್ಯದ ಗಡಿಯಿಂದ ಹತ್ತು ಕಿಲೋಮೀಟರ್ ಒಳಗೆ ಮನೆಯಿದ್ದರೆ ವನ್ಯಜೀವಿ ಕಾಯ್ದೆಯ 34ನೆಯ ಕಲಮು ಅಡ್ಡ ಬರುತ್ತದೆ. ಮುಖ್ಯ ವನ್ಯಜೀವಿ ಪರಿಪಾಲಕರ ಒಪ್ಪಿಗೆ ಇಲ್ಲದೆ ಅಲ್ಲಿ ಹೊಸ ಲೈಸೆನ್ಸ್ ಇಲ್ಲ. ಪಶ್ಚಿಮಘಟ್ಟದ ನಕ್ಷೆ ಹರಡಿ ಆ ಹತ್ತು ಕಿಲೋಮೀಟರ್ ಪಟ್ಟಿ ಎಳೆದು ನೋಡಿ. ಹಂದಿ, ಮಂಗ, ಕಾಟಿಯ ಕಾಟ ಎಲ್ಲಿ ಹೆಚ್ಚೋ ಅಲ್ಲೇ ಆ ಪಟ್ಟಿ ಬೀಳುತ್ತದೆ. ಕಾಡಿನ ದೃಷ್ಟಿಯಿಂದ ನೋಡಿದರೆ ನಿಯಮ ನ್ಯಾಯವೇ. ಬೆಳೆ ಕಾಯುವ ಕೋವಿ ಕಡವೆಯ ಮೇಲೆ ತಿರುಗಿದ ಕಥೆಗಳೇನು ಕಡಿಮೆಯೇ? ಹಂದಿಯೆಂದು ಭ್ರಮಿಸಿ ಪೊದೆಯಾಚೆಯ ಜೊತೆಗಾರನಿಗೇ ಈಡು ಹೊಡೆದ ಸುದ್ದಿ ಮಲೆನಾಡಿನಿಂದಲೂ ಕೊಡಗಿನಿಂದಲೂ ಬರುತ್ತಲೇ ಇರುತ್ತದೆ.

ಹೀಗಾಗಿ ಹೊಸ ಲೈಸೆನ್ಸಿಗಿಂತ ಅಪ್ಪನದು ಮಗನಿಗೆ ಬರುವುದೇ ರೂಢಿ. ನಿಯಮವೂ ಅದಕ್ಕೆ ದಾರಿ ಬಿಟ್ಟಿದೆ. ಕೋವಿ ಹೊಂದಿದವರಿಗೆ 70 ವರ್ಷ ತುಂಬಿದಾಗ, ಅಥವಾ ಕೋವಿ ಅವರ ಹತ್ತಿರ 25 ವರ್ಷ ಇದ್ದಮೇಲೆ, ಬದುಕಿರುವಾಗಲೇ ವಾರಸುದಾರರ ಹೆಸರಿಗೆ ಮಾಡಿಸಬಹುದು. ತೋಟಾಗಳ ಲೆಕ್ಕ ಇನ್ನೂ ಬಿಗಿ. ಏಕಕಾಲಕ್ಕೆ ಎಷ್ಟು ಇಟ್ಟುಕೊಳ್ಳಬಹುದು, ವರ್ಷಕ್ಕೆ ಎಷ್ಟು ಕೊಳ್ಳಬಹುದು ಎಂಬುದು ಲೈಸೆನ್ಸಿನಲ್ಲೇ ನಮೂದಾಗಿರುತ್ತದೆ. ಖಡ್ಕಿಯ ಸರ್ಕಾರಿ ಕಾರ್ಖಾನೆಯ ಶಕ್ತಿಮಾನ್ ತೋಟಾ ಕೊಳ್ಳಲು ಹೋದರೆ ಅಂಗಡಿಯವರು ಪುಸ್ತಕ ತೆಗೆದು ಬರೆದುಕೊಂಡೇ ಕೊಡುವುದು. ಕೋವಿ ಕದ್ದವನಿಗೂ ತೋಟಾ ಸಿಗದಿದ್ದರೆ ಅದು ಬರೀ ಕಬ್ಬಿಣದ ಕೊಳವೆ. ನಮ್ಮ ಕಾಯ್ದೆ ಮದ್ದುಗುಂಡನ್ನು ಬಂದೂಕಿನಷ್ಟೇ ಗಂಭೀರವಾಗಿ ಕಾಣುವುದಕ್ಕೆ ಇದೇ ಕಾರಣ.

ಬ್ರಿಟಿಷರು ಹೋದಮೇಲೂ ಈ ಅನುಮಾನದ ಧಾಟಿ ಉಳಿದದ್ದು ಹೇಗೆ ಎಂಬುದೂ ಕುತೂಹಲದ ಸಂಗತಿಯೇ. ಲಾರ್ಡ್ ಲಿಟ್ಟನ್‌ನ ಕಾಲದಲ್ಲಿ ಬಂದ 1878ರ ಆಯುಧ ಕಾಯ್ದೆ ಭಾರತೀಯರಿಗೆ ಲೈಸೆನ್ಸ್ ಕಡ್ಡಾಯ ಮಾಡಿ ಯುರೋಪಿಯನ್ನರಿಗೆ ರಿಯಾಯಿತಿ ಕೊಟ್ಟಿತ್ತು. ಕಾಂಗ್ರೆಸ್ಸಿಗೆ ಅದು ಹಳೆಯ ಗಾಯ. 1931ರ ಕರಾಚಿ ಅಧಿವೇಶನ ಮೂಲಭೂತ ಹಕ್ಕುಗಳ ಠರಾವು ಮಾಡಿದಾಗ, ನಿಯಮಗಳಿಗೆ ಒಳಪಟ್ಟು ಆಯುಧ ಹೊಂದುವ ಹಕ್ಕನ್ನೂ ಅದರಲ್ಲಿ ಸೇರಿಸಿತ್ತು. 1948ರ ಡಿಸೆಂಬರ್‌ನಲ್ಲಿ ಸಂವಿಧಾನ ಸಭೆಯಲ್ಲಿ ಆ ಮಾತನ್ನು ನೆನಪಿಸಿ ತಿದ್ದುಪಡಿ ತಂದವರು ಮಂಗಳೂರಿನಲ್ಲಿ ಹುಟ್ಟಿದ ಎಚ್.ವಿ. ಕಾಮತ್. ಡಾ. ಅಂಬೇಡ್ಕರ್ ಒಪ್ಪಲಿಲ್ಲ. ತಿದ್ದುಪಡಿ ಬಿದ್ದುಹೋಯಿತು. ದೇಶ ಒಡೆದ ನೆತ್ತರು ಆಗಿನ್ನೂ ಹಸಿ. ಸಂವಿಧಾನದ ಹಕ್ಕುಗಳ ಭಾಗದಲ್ಲಿ ಆಯುಧದ ಪ್ರಸ್ತಾಪ ಇವತ್ತು ಎರಡೇ ಕಡೆ ಕಾಣುತ್ತದೆ. ಒಂದು, ಶಾಂತಿಯಿಂದ, ಆಯುಧಗಳಿಲ್ಲದೆ ಸಭೆ ಸೇರುವ ಹಕ್ಕಿನಲ್ಲಿ. ಇನ್ನೊಂದು, ಸಿಖ್ಖರ ಕಿರ್ಪಾನ್ ಕುರಿತ ವಿವರಣೆಯಲ್ಲಿ. ಅಮೆರಿಕದಲ್ಲಿ ನೆಲೆಸಿದ ಕನ್ನಡಿಗರು ಅಲ್ಲಿನ ಬಂದೂಕಿನ ಜಗಳದ ಬಗ್ಗೆ ಬರೆದಾಗಲೆಲ್ಲ 'ಹಕ್ಕು' ಎಂದು ಶುರುಮಾಡುತ್ತಾರೆ. ಇಲ್ಲಿ ಆ ವಾದಕ್ಕೆ 1948ರಲ್ಲೇ ಬಾಗಿಲು ಹಾಕಿ ಆಗಿದೆ. ನಮ್ಮಲ್ಲಿ ಬಂದೂಕು ಸರ್ಕಾರದ ಅನುಮತಿ, ಯಾವಾಗ ಬೇಕಾದರೂ ಹಿಂದಕ್ಕೆ ಪಡೆಯಬಹುದಾದದ್ದು.

ಅನುಮತಿ ಎಂದಮೇಲೆ ಅದಕ್ಕೊಂದು ಅಂತಸ್ತೂ ಅಂಟಿಕೊಳ್ಳುತ್ತದೆ. ಕೇಂದ್ರ ಗೃಹ ಇಲಾಖೆಯ ಲೆಕ್ಕದಂತೆ 2016ರ ಕೊನೆಗೆ ದೇಶದಲ್ಲಿ 33.69 ಲಕ್ಷ ಲೈಸೆನ್ಸ್‌ಗಳು ಚಾಲ್ತಿಯಲ್ಲಿದ್ದವು. ಉತ್ತರ ಪ್ರದೇಶ ಒಂದರಲ್ಲೇ 12.77 ಲಕ್ಷ. ಕರ್ನಾಟಕದ್ದು ಸುಮಾರು 1.13 ಲಕ್ಷ. ಉತ್ತರದ ಬಯಲುಸೀಮೆಯಲ್ಲಿ ಹೆಗಲ ಮೇಲಿನ ರೈಫಲ್ ಕಾಡುಪ್ರಾಣಿಗಿಂತ ನೆರೆಮನೆಯವರಿಗೆ ತೋರಿಸಲು. ಮದುವೆ ದಿಬ್ಬಣದಲ್ಲಿ ಗುಂಡು ಹಾರಿಸಿ, ಮೇಲೆ ಹೋದದ್ದು ಕೆಳಗೆ ಬಂದು ಮದುಮಗನೋ ಮಗುವೋ ಸತ್ತ ವರದಿಗಳು ಅಲ್ಲಿಂದ ಎಷ್ಟು ಬಂದವೆಂದರೆ, 2019ರ ತಿದ್ದುಪಡಿ ಇದಕ್ಕೆಂದೇ ಒಂದು ಅಪರಾಧವನ್ನು ಸೇರಿಸಿತು. ಇತರರ ಜೀವಕ್ಕೆ ಅಪಾಯವಾಗುವಂತೆ ಸಂಭ್ರಮಕ್ಕೆ ಗುಂಡು ಹಾರಿಸಿದರೆ ಎರಡು ವರ್ಷದವರೆಗೆ ಸೆರೆ, ಇಲ್ಲವೇ ಒಂದು ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ಪುತ್ತರಿಯ ಈಡು ಇದರೊಳಗೆ ಬರುತ್ತದೆಯೇ? ಜನರಿಲ್ಲದ ಕಡೆಗೆ, ಹಿರಿಯರ ಎದುರು, ಎಣಿಸಿ ಒಂದೇ ಹೊಡೆಯುವ ಈಡು ಅಪಾಯವಲ್ಲ ಎಂದು ವಾದಿಸಬಹುದು. ಆದರೆ ಮದುವೆ ಹಾಲ್‌ನ ಪಾರ್ಕಿಂಗ್‌ನಲ್ಲಿ ನಾಲ್ಕು ಪೆಗ್ ಏರಿಸಿದ ಸೋದರಮಾವ ಹೊಡೆಯುವ ಈಡಿಗೆ ಸಂಪ್ರದಾಯದ ಹೆಸರು ರಕ್ಷಣೆ ಕೊಡಲಾರದು, ಕೊಡಲೂಬಾರದು.

ಅದೇ ತಿದ್ದುಪಡಿ ಒಬ್ಬರ ಹತ್ತಿರ ಇರಬಹುದಾದ ಬಂದೂಕುಗಳನ್ನು ಮೂರರಿಂದ ಎರಡಕ್ಕೆ ಇಳಿಸಿತು, ಲೈಸೆನ್ಸ್ ಅವಧಿಯನ್ನು ಮೂರರಿಂದ ಐದು ವರ್ಷಕ್ಕೆ ಏರಿಸಿತು. ಮಸೂದೆಯಲ್ಲಿ ಮೊದಲು ಇದ್ದದ್ದು ಒಂದೇ ಬಂದೂಕು. ಆಕ್ಷೇಪಗಳು ಎದ್ದ ಮೇಲೆ ಎರಡಾಯಿತು. ತಾತನ ಕೋವಿಯನ್ನು ಠಾಣೆಗೆ ಒಪ್ಪಿಸುವುದು ಹಳ್ಳಿಯ ಮನೆಗಳಿಗೆ ಪಟೇಲಿಕೆ ಕಳೆದುಕೊಂಡಷ್ಟೇ ನೋವಿನ ಮಾತು ಎಂದು ಸಂಸತ್ತಿಗೂ ಗೊತ್ತು.

ಈ ಎಲ್ಲ ಬಿಗಿತದ ನಡುವೆ ಕೇಂದ್ರ ಸರ್ಕಾರ 2019ರ ಅಕ್ಟೋಬರ್‌ನಲ್ಲಿ ಕೊಡಗಿನ ವಿನಾಯಿತಿಯನ್ನು 2029ರ ಅಕ್ಟೋಬರ್ 31ರವರೆಗೆ ಮುಂದುವರಿಸಿತು. ನಿವೃತ್ತ ಸೇನಾಧಿಕಾರಿಯೊಬ್ಬರು ಇದನ್ನು ಕರ್ನಾಟಕ ಹೈಕೋರ್ಟಿನಲ್ಲಿ ಪ್ರಶ್ನಿಸಿದರು. ಜನಾಂಗ ನೋಡಿ, ಭೂಮಿಯ ಹಿಡುವಳಿ ನೋಡಿ ವಿನಾಯಿತಿ ಕೊಡುವುದು ಸಮಾನತೆಗೆ ವಿರುದ್ಧ ಎಂಬುದು ಅವರ ವಾದ. 2021ರ ಸೆಪ್ಟೆಂಬರ್‌ನಲ್ಲಿ ಹೈಕೋರ್ಟು ಅರ್ಜಿ ವಜಾ ಮಾಡಿತು. ಕೊಡವರು ಯೋಧ ಸಮುದಾಯ, ಈ ಸವಲತ್ತು ಸ್ವಾತಂತ್ರ್ಯಪೂರ್ವದಿಂದ ಬಂದದ್ದು, ವಿನಾಯಿತಿಯೂ ಶಾಶ್ವತವಲ್ಲ, ಹತ್ತು ವರ್ಷಕ್ಕೆ ಷರತ್ತುಗಳ ಮೇಲೆ ಕೊಟ್ಟದ್ದು ಎಂಬುದು ತೀರ್ಪಿನ ತಿರುಳು.

ಫಲಿತಾಂಶ ಸರಿಯಿರಬಹುದು, ಆದರೆ ಕಾರಣ ನನ್ನನ್ನು ಪೂರ್ತಿ ಒಪ್ಪಿಸುವುದಿಲ್ಲ. ಯೋಧ ಸಮುದಾಯ ಎಂಬ ಬಿರುದನ್ನು ಹಂಚಿದವರು ಬ್ರಿಟಿಷರು, ಅದೂ ತಮ್ಮ ಪಲ್ಟಣಿಗೆ ಆಳು ಸೇರಿಸಿಕೊಳ್ಳುವ ಅನುಕೂಲಕ್ಕೆ. ಹಲಗಲಿಯ ಬೇಡರಿಗಿಂತ ದೊಡ್ಡ ಯೋಧರು ಬೇಕೇ? ಪಾಳೆಯಗಾರರ ಕಾಲದಿಂದ ಬಂದೂಕು ಹಿಡಿದವರು ಅವರು. ಅವರಿಗೆ ಸಿಕ್ಕಿದ್ದು ನೇಣು. ಕೊಡಗಿನೊಳಗೇ ನೋಡಿದರೂ ಪ್ರಶ್ನೆ ಇದೆ. ಆನೆ ಓಡಾಡುವ ತೋಟದ ಲೈನ್‌ಮನೆಯಲ್ಲಿ ಮಲಗುವ ಯರವರಿಗೆ, ಜೇನುಕುರುಬರಿಗೆ ಈ ವಿನಾಯಿತಿಯಲ್ಲಿ ಪಾಲಿಲ್ಲ. ಅವರಿಗೆ ಕೋವಿ ಕೊಡಿ ಎಂದು ನಾನು ಹೇಳುತ್ತಿಲ್ಲ. ಅಪಾಯ ಹೆಚ್ಚಿರುವ ಕಡೆ ಆಯುಧ ಎಂಬ ತರ್ಕ ಮಾತ್ರ ಇಲ್ಲಿ ನಡೆಯುವುದಿಲ್ಲ.

ಕೊಡಗಿನ ಕೋವಿ ಇಷ್ಟು ಕಾಲ ಹದ್ದಿನಲ್ಲಿ ಉಳಿದಿದ್ದರೆ ಅದಕ್ಕೆ ರಕ್ತದ ಗುಣವಾಗಲಿ ಗೃಹ ಇಲಾಖೆಯಾಗಲಿ ಕಾರಣ ಎಂದು ನನಗನ್ನಿಸುವುದಿಲ್ಲ. ಐನ್‌ಮನೆ ಕಾರಣ. ಕೋವಿ ಒಬ್ಬ ವ್ಯಕ್ತಿಯ ಸೊತ್ತಾಗಿರಲಿಲ್ಲ, ಒಕ್ಕದ್ದಾಗಿತ್ತು, ಅಂದರೆ ಇಡೀ ಮನೆತನದ್ದು. ಯಾವಾಗ ಹೊರಬರಬೇಕು, ಯಾರ ಕೈಗೆ ಕೊಡಬೇಕು, ಎಷ್ಟು ಈಡು ಎಂಬುದಕ್ಕೆಲ್ಲ ಹಿರಿಯರ ಕಣ್ಣಿನ ಕಾವಲಿತ್ತು. ಕುಡಿದು ಗಲಾಟೆ ಮಾಡುವವನ ಕೈಗೆ ಒಕ್ಕದ ಯಜಮಾನನಾದ ಪಟ್ಟೇದಾರ ಕೋವಿ ಕೊಡುತ್ತಿರಲಿಲ್ಲ. ಅದಕ್ಕೆ ಅಪೀಲೂ ಇರಲಿಲ್ಲ. ಈಗ ಐನ್‌ಮನೆಗೆ ವರ್ಷಕ್ಕೆ ಎರಡು ಸಲ ದೀಪ ಹಚ್ಚಲು ಬರುವವರೇ ಹೆಚ್ಚು. ಪಾಲಾದ ತೋಟಗಳಲ್ಲಿ ಒಂಟಿ ಮನೆಗಳು, ಮಕ್ಕಳು ಬೆಂಗಳೂರಿನಲ್ಲಿ. ಕೋವಿ ಬೆಡ್‌ರೂಮಿನ ಬೀರುವಿಗೆ ಬಂದಿದೆ. ಆಸ್ತಿ ಜಗಳ, ಗಂಡ ಹೆಂಡತಿಯ ಜಗಳ, ಆತ್ಮಹತ್ಯೆಯ ಯೋಚನೆ, ಇವಕ್ಕೆಲ್ಲ ಆ ಬೀರು ತೀರಾ ಹತ್ತಿರ. ಅಂಥ ಸುದ್ದಿಗಳು ಜಿಲ್ಲೆಯ ಪತ್ರಿಕೆಗಳಲ್ಲಿ ಆಗಾಗ ಬರುತ್ತವೆ. ಊರಿನವರು ದನಿ ತಗ್ಗಿಸಿ ಮಾತಾಡಿಕೊಳ್ಳುತ್ತಾರೆ, ಕೋವಿಯ ಹಬ್ಬವಾದ ತೋಕ್ ನಮ್ಮೆಯ ವೇದಿಕೆಯಲ್ಲಿ ಅವು ಬರುವುದಿಲ್ಲ. 2029ರಲ್ಲಿ ವಿನಾಯಿತಿ ಮತ್ತೆ ಕೇಳುವಾಗ ಕೊಡವ ಸಂಘಟನೆಗಳೇ ಮುಂದಾಗಿ ಬೀಗ, ತರಬೇತಿ, ಕುಟುಂಬದ ಜವಾಬ್ದಾರಿಯ ಮಾತನ್ನು ಎತ್ತಿದರೆ ಅವರ ವಾದಕ್ಕೆ 1861ಕ್ಕಿಂತ ಗಟ್ಟಿ ನೆಲೆ ಸಿಗುತ್ತದೆ.

ವಿನಾಯಿತಿ ರದ್ದಾದರೆ ನ್ಯಾಯ ಸಿಕ್ಕಿತು ಎಂದುಕೊಳ್ಳುವವರಿಗೂ ಒಂದು ಮಾತು. ಕೊಡಗಿನವರಿಂದ ಕಿತ್ತುಕೊಂಡರೆ ಸುಳ್ಯದವರಿಗಾಗಲಿ ತೀರ್ಥಹಳ್ಳಿಯವರಿಗಾಗಲಿ ಏನೂ ಸಿಗುವುದಿಲ್ಲ. ಅವರು ಕೇಳುತ್ತಿರುವುದು ತೀರಾ ಸಣ್ಣದು. ಲೋಕಸಭೆ, ವಿಧಾನಸಭೆ ಚುನಾವಣೆ ಘೋಷಣೆಯಾದ ಕೂಡಲೇ ಕೋವಿಯನ್ನು ಠಾಣೆಗೋ ಬಂದೂಕಿನ ಅಂಗಡಿಗೋ ತಂದಿಡಿ ಎಂಬ ಆದೇಶ ಬರುತ್ತದೆ. ಫಲಿತಾಂಶ ಬಂದು ವಾರ ಕಳೆಯುವವರೆಗೆ ತೋಟ ಕಾಯುವುದು ನಾಯಿಯ ಪಾಲು. ಬಿಡಿಸಿ ತಂದ ಕೋವಿಯ ನಳಿಗೆ ತುಕ್ಕು ಹಿಡಿದಿರುತ್ತದೆ. ವಯಸ್ಸಾದವರು ಬಸ್ಸಿನಲ್ಲಿ ಗೋಣಿ ಸುತ್ತಿದ ಕೋವಿ ಹೊತ್ತು ಹೋಗಿ, ಸಾಲಿನಲ್ಲಿ ನಿಂತು ರಸೀದಿ ಪಡೆಯುವುದು ಕರಾವಳಿಯ ಪ್ರತಿ ಚುನಾವಣೆಯ ದೃಶ್ಯ. ಕೆಲವರು ಇದರ ವಿರುದ್ಧ ಕೋರ್ಟಿಗೂ ಹೋಗಿದ್ದಾರೆ.

ವಾಸ್ತವದಲ್ಲಿ ಚುನಾವಣಾ ಆಯೋಗದ ಸೂಚನೆ ಎಲ್ಲರ ಕೋವಿಯನ್ನೂ ಕಟ್ಟಿಡಿ ಎನ್ನುವುದಿಲ್ಲ. ಜಿಲ್ಲಾಧಿಕಾರಿ, ಪೊಲೀಸ್ ವರಿಷ್ಠಾಧಿಕಾರಿ ಇರುವ ಪರಿಶೀಲನಾ ಸಮಿತಿ ಒಬ್ಬೊಬ್ಬರ ಪ್ರಕರಣ ನೋಡಬೇಕು. ಜಾಮೀನಿನ ಮೇಲೆ ಇರುವವರು, ಅಪರಾಧದ ಹಿನ್ನೆಲೆಯವರು, ಹಿಂದಿನ ಗಲಭೆಗಳಲ್ಲಿ ಸಿಕ್ಕವರು, ಇಂಥವರ ಆಯುಧಗಳ ಮೇಲೆ ಮುಖ್ಯವಾಗಿ ಕಣ್ಣಿಡಬೇಕು. ಸಾವಿರಾರು ಕಡತ ತೆರೆದು ನೋಡುವುದಕ್ಕಿಂತ ಒಂದೇ ಸುತ್ತೋಲೆ ಹೊರಡಿಸುವುದು ಕಚೇರಿಗೆ ಸಲೀಸು, ಅದಕ್ಕೇ ಹಾಗಾಗುತ್ತದೆ. ಲೈಸೆನ್ಸ್‌ಗಳ ಗುರುತಿನ ಸಂಖ್ಯೆ ಈಗ ಕಂಪ್ಯೂಟರಿನಲ್ಲೇ ಇದೆ, ಠಾಣೆಯ ಮೊಕದ್ದಮೆಗಳೂ ಕಂಪ್ಯೂಟರಿನಲ್ಲೇ ಇವೆ. ಎರಡನ್ನೂ ತಾಳೆ ಹಾಕಿ, ಯಾವ ಮೊಕದ್ದಮೆಯೂ ಇಲ್ಲದ ಬೆಳೆ ರಕ್ಷಣೆಯ ಕೋವಿಗಳನ್ನು ಬಿಟ್ಟು ಉಳಿದವಕ್ಕೆ ನೋಟಿಸ್ ಕೊಡಲು ಹೊಸ ಕಾಯ್ದೆ ಬೇಕಿಲ್ಲ, ಮುಂದಿನ ಚುನಾವಣೆ ಘೋಷಣೆಯಾಗುವ ಮೊದಲೇ ಜಿಲ್ಲಾಧಿಕಾರಿಗಳು ಆ ಪಟ್ಟಿ ಮಾಡಿಟ್ಟುಕೊಂಡರೆ ಸಾಕು.